ಪ್ಯಾರಾಚೂಟ್ ಬಿಚ್ಚುವ ಮುಂಚಿನ ಆ ಮೌನ: ಇಂಥದ್ದು ಬೇರೆ ಯಾವ ಗೂಢಚಾರಿ ಚಿತ್ರದಲ್ಲಿದೆ?

ಹಳದಿ_ಸ್ಕೀ ಕೇಳಿದ ಪ್ರಶ್ನೆ:

‘ದಿ ಸ್ಪೈ ಹೂ ಲವ್ಡ್ ಮಿ’ ಶುರುವಿನ ದೃಶ್ಯ ಯಾರ್ಯಾರಿಗೆ ನೆನಪಿದೆ? 1977ರ ಬಾಂಡ್ ಚಿತ್ರ, ರೋಜರ್ ಮೂರ್ ಇದ್ದದ್ದು. ಹಳದಿ ಸ್ಕೀ ಉಡುಪು, ಬೆನ್ನಿಗೆ ಕೆಂಪು ಚೀಲ. ಹಿಂದೆ ಬಂದೂಕು ಹಿಡಿದು ಅಟ್ಟಿಸಿಕೊಂಡು ಬರುವವರು. ಮಾರ್ವಿನ್ ಹ್ಯಾಮ್ಲಿಶ್ ಅವರ ಡಿಸ್ಕೋ ಲಯದ ಸಂಗೀತ ಜೋರಾಗಿ ಹೊಡೆಯುತ್ತಿರುತ್ತದೆ. ನೋಡನೋಡುತ್ತಿದ್ದಂತೆ ಮುಂದೆ ಹಿಮವೇ ಇಲ್ಲ. ಬಾಂಡ್ ನಿಲ್ಲುವುದಿಲ್ಲ. ಬಂಡೆಯ ಅಂಚು ದಾಟಿ ಸೀದಾ ಗಾಳಿಗೆ ಬೀಳುತ್ತಾನೆ. ಸಂಗೀತವೂ ಅಲ್ಲೇ ನಿಂತುಬಿಡುತ್ತದೆ.

ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿರುವುದು ಆಮೇಲಿನ ಹೊತ್ತು. ಬರೀ ಗಾಳಿಯ ಸದ್ದು. ಮನುಷ್ಯ ಚಿಕ್ಕವನಾಗುತ್ತಾ ಹೋಗುತ್ತಾನೆ. ಕೈ ಬಡಿಯುತ್ತಾನೆ, ಮೈ ತಿರುಗುತ್ತದೆ, ಸ್ಕೀಗಳು ಕಾಲು ಬಿಟ್ಟು ಬೇರೆಯಾಗುತ್ತವೆ. ಏನೂ ಆಗುವುದಿಲ್ಲ. ಇನ್ನೂ ಏನೂ ಆಗುವುದಿಲ್ಲ. ಸಾಕು, ಬಿಚ್ಚಪ್ಪಾ ಅಂತ ನಾವೇ ಕೂಗುವಷ್ಟು ತಡವಾದ ಮೇಲೆ ಪ್ಯಾರಾಚೂಟ್ ಅರಳುತ್ತದೆ, ಅದರ ಮೇಲೆ ಬ್ರಿಟನ್ ಬಾವುಟ, ಜೊತೆಗೇ ಬಾಂಡ್ ಸಂಗೀತ ಸಿಡಿಯುತ್ತದೆ.

ಬಾಂಡ್ ಸಾಯುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಚಿತ್ರದ ಹೆಸರುಗಳೇ ಇನ್ನೂ ಬಂದಿರುವುದಿಲ್ಲ, ಅಷ್ಟು ಬೇಗ ಯಾವ ನಾಯಕ ಸಾಯುತ್ತಾನೆ? ಆದರೂ ಪ್ರತಿ ಸಲ ನನ್ನ ಉಸಿರು ಕಟ್ಟುತ್ತದೆ. ನನಗೆ ಅನಿಸುವ ಕಾರಣ ಇದು: ಅಲ್ಲಿ ಬೀಳುತ್ತಿರುವವನು ಬಾಂಡ್ ಅಲ್ಲ. ರಿಕ್ ಸಿಲ್ವೆಸ್ಟರ್ ಎಂಬ ನಿಜವಾದ ಮನುಷ್ಯ. ಬಾಂಡ್‌ನನ್ನು ಕಾಯಲು ಕಥೆ ಇದೆ. ಸಿಲ್ವೆಸ್ಟರ್‌ಗೆ ಇದ್ದದ್ದು ಬೆನ್ನಮೇಲಿನ ಆ ಒಂದು ಚೀಲ ಮಾತ್ರ. ಚಿತ್ರ ಕಟ್ ಮಾಡದೆ, ಸಂಗೀತ ಹಾಕದೆ ಸುಮ್ಮನೆ ಕಾಯುವುದರಿಂದ ಆ ವ್ಯತ್ಯಾಸ ನಮ್ಮ ಮೈಗೆ ತಾಗುತ್ತದೆ.

ಹಳೆಯ ಗೂಢಚಾರಿ ಚಿತ್ರಗಳಲ್ಲಿ ಹೀಗೆ ಕಾಯುವ ದೃಶ್ಯ ಬೇರೆ ಯಾವುದಿದೆ? ‘ಬೆಸ್ಟ್ ಸ್ಟಂಟ್’ ಪಟ್ಟಿ ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ನಿಮ್ಮ ಉಸಿರು ನಿಂತ ಜಾಗ ಹೇಳಿ. ಯಾಕೆ ನಿಂತಿತು ಅನ್ನುವುದನ್ನೂ ಹೇಳಿ.

ಎಡಿಟಿಂಗ್_ಮೇಜು ಉತ್ತರ:

ಒಳ್ಳೆ ಪ್ರಶ್ನೆ. ನಾನು ಮೊದಲು ನಿಮ್ಮ ದೃಶ್ಯದ ಬಗ್ಗೆಯೇ ಮಾತಾಡುತ್ತೇನೆ, ಯಾಕೆಂದರೆ ಅದು ‘ಕಟ್ ಮಾಡದೆ ಕಾಯುವ’ ದೃಶ್ಯ ಆದದ್ದರ ಹಿಂದೆ ಒಂದು ಚಂದದ ಕಥೆ ಇದೆ.

ಒಂದು ವಿಸ್ಕಿ ಜಾಹೀರಾತು ಇತ್ತು. ಅದರಲ್ಲಿ ಸಿಲ್ವೆಸ್ಟರ್ ಸ್ಕೀ ಕಟ್ಟಿಕೊಂಡು ಬೆಟ್ಟದಿಂದ ಹಾರುವ ಚಿತ್ರ. ನಿರ್ಮಾಪಕರ ಕಣ್ಣಿಗೆ ಅದು ಬಿತ್ತು, ಕರೆಸಿದರು. ಅವರು ಆಗಲೇ ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯಿಂದ ಸ್ಕೀ ಮಾಡುತ್ತಾ ಹಾರಿ ಪ್ಯಾರಾಚೂಟಿನಲ್ಲಿ ಇಳಿದಿದ್ದವರು. ಬಾಂಡ್‌ಗಾಗಿ ಆರಿಸಿದ್ದು ಕೆನಡಾದ ಬ್ಯಾಫಿನ್ ದ್ವೀಪದ ಮೌಂಟ್ ಆಸ್ಗಾರ್ಡ್. ಆರ್ಕ್ಟಿಕ್ ಪ್ರದೇಶ. ತಲೆ ಚಪ್ಪಟೆ, ಪಕ್ಕ ನೆಟ್ಟಗೆ ಕತ್ತರಿಸಿದಂತಿರುವ ಬೆಟ್ಟ. ಜನ, ಕ್ಯಾಮೆರಾ ಎಲ್ಲ ಹೆಲಿಕಾಪ್ಟರಿನಲ್ಲೇ ಮೇಲೆ ಹೋಗಬೇಕು. 1976ರ ಜುಲೈನಲ್ಲಿ ಅಲ್ಲಿ ಬೀಡುಬಿಟ್ಟು ಗಾಳಿ, ಮೋಡ ಸರಿಯಾಗುವುದನ್ನು ಕಾಯುತ್ತಾ ಕೂತರು.

ಹಾರಿದಾಗ ಹಲವು ಕ್ಯಾಮೆರಾ ಓಡುತ್ತಿದ್ದವು. ಬೇರೆಯವು ಅವರನ್ನು ಹಿಂಬಾಲಿಸಲಾಗದೆ ಕಳೆದುಕೊಂಡವು. ಬೀಳುವುದನ್ನು ಪೂರ್ತಿಯಾಗಿ ಹಿಡಿದದ್ದು ಒಂದೇ ಕ್ಯಾಮೆರಾ. ಈಗ ಯೋಚಿಸಿ, ನಾಲ್ಕೂ ಕಡೆಯಿಂದ ಒಳ್ಳೊಳ್ಳೆ ಶಾಟ್ ಸಿಕ್ಕಿದ್ದರೆ ಏನಾಗುತ್ತಿತ್ತು? ಕತ್ತರಿಸುವ ಆಸೆ ಯಾರಿಗಾದರೂ ಬರುತ್ತಿತ್ತು. ಪಕ್ಕದಿಂದ ಒಂದು ತುಣುಕು, ಕೆಳಗಿನಿಂದ ಒಂದು ತುಣುಕು. ಬೀಳುವ ಹೊತ್ತು ಚೂರುಚೂರಾಗಿ ನಿಜದ ಭಾರವೇ ಹೋಗುತ್ತಿತ್ತು.

ಬೆಟ್ಟದ ಮೇಲೆ ಆ ಘಟಕವನ್ನು ನಡೆಸಿದವರು ಜಾನ್ ಗ್ಲೆನ್. ಅವರು ಮೂಲದಲ್ಲಿ ಸಂಕಲನಕಾರರು. 1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ಕತ್ತರಿಸಿದ್ದು ಅವರೇ. ಎಲ್ಲಿ ಕೈ ಹಾಕಬಾರದು ಅನ್ನುವುದು ಅಂಥವರಿಗೆ ಗೊತ್ತಿರುತ್ತದೆ.

ಇನ್ನೊಂದು ಸಲ ನೋಡುವಾಗ ಪ್ಯಾರಾಚೂಟ್ ಬಿಚ್ಚುವ ಜಾಗದಲ್ಲಿ ಕಣ್ಣಿಡಿ. ಕಳಚಿದ ಒಂದು ಸ್ಕೀ ಬಂದು ಬಟ್ಟೆಗೆ ತಾಗುತ್ತದೆ. ಸಿಕ್ಕಿಹಾಕಿಕೊಂಡಿದ್ದರೆ ಪ್ಯಾರಾಚೂಟ್ ಸರಿಯಾಗಿ ಬಿಚ್ಚುತ್ತಿರಲಿಲ್ಲ. ಅದನ್ನು ಯಾರೂ ಬರೆದಿರಲಿಲ್ಲ, ಸುಮ್ನೆ ನಡೆದುಹೋಯಿತು, ಚಿತ್ರದಲ್ಲಿ ಉಳಿಯಿತು.

ಹಗ್ಗದ_ಗಂಟು ಉತ್ತರ:

ಆಸ್ಗಾರ್ಡ್ ಹಾರಾಟ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬೆರಗು. ಅಂಚು ದಾಟುವವರೆಗೂ ಏನಾಗುತ್ತದೆ ಅಂತ ನಮಗೆ ಗೊತ್ತೇ ಇರುವುದಿಲ್ಲ. ನನಗೆ ಉಸಿರು ಕಟ್ಟುವುದು ಏನಾಗಲಿದೆ ಅಂತ ಮೊದಲೇ ಗೊತ್ತಿರುವಾಗ.

‘ಫಾರ್ ಯುವರ್ ಐಸ್ ಓನ್ಲಿ’, 1981. ಗ್ರೀಸಿನ ಮೆಟಿಯೋರಾ. ಬಂಡೆಯ ತುದಿಯಲ್ಲಿ ಮಠ. ಬಾಂಡ್ ಮೊಳೆ ಹೊಡೆದುಕೊಂಡು, ಹಗ್ಗ ಸಿಕ್ಕಿಸಿಕೊಂಡು ಹತ್ತುತ್ತಾನೆ. ಇನ್ನೇನು ತುದಿ ಸಿಗಬೇಕು, ಮೇಲಿದ್ದ ಕಾವಲುಗಾರ ಒದೆಯುತ್ತಾನೆ. ಬಾಂಡ್ ಉದ್ದಕ್ಕೆ ಬಿದ್ದು ಹಗ್ಗದ ತುದಿಯಲ್ಲಿ ನೇತಾಡುತ್ತಾನೆ. ದೃಶ್ಯ ನಿಜವಾಗಿ ಶುರುವಾಗುವುದು ಈಗ.

ಕಾವಲುಗಾರ ಇಳಿದು ಬಂದು ಒಂದೊಂದೇ ಮೊಳೆಯನ್ನು ಬಡಿದು ಕೀಳುತ್ತಾನೆ. ಕೆಳಗೆ ಬಾಂಡ್ ಬೂಟಿನ ಲೇಸು ಬಿಚ್ಚುತ್ತಾನೆ. ಅದನ್ನು ಹಗ್ಗಕ್ಕೆ ಸುತ್ತಿ ಗಂಟು ಹಾಕುತ್ತಾನೆ. ಬಂಡೆ ಹತ್ತುವವರು ಇದಕ್ಕೆ ಪ್ರೂಸಿಕ್ ಗಂಟು ಅನ್ನುತ್ತಾರೆ. ಭಾರ ಬಿದ್ದರೆ ಹಗ್ಗವನ್ನು ಬಿಗಿಯಾಗಿ ಕಚ್ಚುತ್ತದೆ, ಭಾರ ತೆಗೆದರೆ ಮೇಲಕ್ಕೆ ಸರಿಸಬಹುದು. ಹೀಗೆ ಎರಡು ಲೇಸಿನ ಮೇಲೆ ಒಬ್ಬ ಮನುಷ್ಯ ಗೇಣುಗೇಣಾಗಿ ಏರುತ್ತಾನೆ. ಮೇಲೆ ಮೊಳೆ ಸಡಿಲವಾಗುತ್ತಿದೆ, ಕೆಳಗೆ ಗಂಟು ಸರಿಯುತ್ತಿದೆ. ಒಂದು ಮೊಳೆ ಕಿತ್ತರೆ ಬಾಂಡ್ ದಡಕ್ಕನೆ ಕೆಳಗೆ ಜಾರುತ್ತಾನೆ, ಮತ್ತೆ ಶುರು. ಇಲ್ಲಿ ಯಂತ್ರ ಇಲ್ಲ, ಬಾಂಬಿಲ್ಲ, ವಾಚಿನೊಳಗಿನ ಗರಗಸ ಇಲ್ಲ. ಎಲ್ಲ ಲೆಕ್ಕವೂ ನಮ್ಮ ಕಣ್ಣೆದುರಿಗೇ ಇದೆ. ಅದಕ್ಕೇ ನನಗೆ ಈ ದೃಶ್ಯದ ಮೇಲೆ ಇಷ್ಟು ಪ್ರೀತಿ.

ನಿಮಗೆ ಇಷ್ಟವಾಗುವ ವಿಷಯ ಹೇಳಲಾ? ಆ ಬಿದ್ದವರೂ ರಿಕ್ ಸಿಲ್ವೆಸ್ಟರ್! ನಿರ್ದೇಶಕರು ಜಾನ್ ಗ್ಲೆನ್, ಆ ಹೊತ್ತಿಗೆ ಪೂರ್ತಿ ಚಿತ್ರವೇ ಅವರ ಕೈಗೆ ಬಂದಿತ್ತು. ಪ್ಯಾರಾಚೂಟ್ ಇದ್ದರೆ ಗಾಳಿ ಹಿಡಿಯುತ್ತದೆ. ಹಗ್ಗದ ಕೊನೆಯಲ್ಲಿ ಬಿದ್ದವನಿಗೆ ಬೀಳುವುದಕ್ಕಿಂತ ನಿಲ್ಲುವುದೇ ಅಪಾಯ, ಆ ಒಂದು ಎಳೆತಕ್ಕೆ ಬೆನ್ನೇ ಮುರಿಯಬಹುದು. ಚಿತ್ರದ ಸ್ಪೆಷಲ್ ಎಫೆಕ್ಟ್ಸ್ ನೋಡಿಕೊಂಡಿದ್ದ ಡೆರೆಕ್ ಮೆಡಿಂಗ್ಸ್ ಇದಕ್ಕೆ ಉಪಾಯ ಮಾಡಿದರು. ಹಗ್ಗದ ಇನ್ನೊಂದು ತುದಿಯನ್ನು ಮರಳು ತುಂಬಿದ ಚೀಲಗಳಿಗೆ ಕಟ್ಟಿ ಒಂದು ತೊಟ್ಟಿಯಲ್ಲಿಟ್ಟರು. ಹಗ್ಗ ಎಳೆದಾಗ ಚೀಲಗಳು ಜರುಗಿ ಪೆಟ್ಟನ್ನು ನಿಧಾನಕ್ಕೆ ಹೀರಿಕೊಳ್ಳುತ್ತವೆ.

ಅಲ್ಲಿನ ಸನ್ಯಾಸಿಗಳಿಗೆ ಈ ಚಿತ್ರೀಕರಣ ಬೇಡವಾಗಿತ್ತು. ಚೆಂದದ ಶಾಟ್ ಕೆಡಲಿ ಅಂತ ಮಠದ ಹೊರಗೆಲ್ಲ ಬಟ್ಟೆ ನೇತುಹಾಕಿದ್ದರು. ಅವರದೂ ನ್ಯಾಯವೇ, ಅದು ಅವರ ಮನೆ ಅಲ್ವಾ.

ತಿರುಗುವ_ಕಾರು ಉತ್ತರ:

ಉಸಿರು ನಿಲ್ಲಬೇಕಿದ್ದ ಒಂದು ದೃಶ್ಯವನ್ನು ಕೆಡಿಸಿದ ಬಗೆ ಹೇಳುತ್ತೇನೆ. ಹಳದಿ_ಸ್ಕೀ ಅವರ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

1974ರ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್’. ಥಾಯ್ಲೆಂಡ್. ಮುರಿದ ಸೇತುವೆ, ಕೆಳಗೆ ಕಾಲುವೆ. ಎಎಂಸಿ ಹಾರ್ನೆಟ್ ಕಾರು ಈ ದಡದಿಂದ ಹಾರಿ, ಗಾಳಿಯಲ್ಲಿ ಮಗ್ಗುಲಿಗೆ ಪೂರ್ತಿ ಒಂದು ಸುತ್ತು ತಿರುಗಿ, ಆ ದಡದಲ್ಲಿ ನಾಲ್ಕೂ ಚಕ್ರದ ಮೇಲೆ ಇಳಿಯುತ್ತದೆ. ಇದನ್ನು ಅಮೆರಿಕದ ಕಾರ್ನೆಲ್ ಏರೋನಾಟಿಕಲ್ ಪ್ರಯೋಗಾಲಯದಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ರೂಪಿಸಿದ್ದರು. ಎಪ್ಪತ್ತರ ದಶಕದ ಕಂಪ್ಯೂಟರ್! ಕಾರಿನ ಭಾರ ಎರಡೂ ಕಡೆ ಸಮ ಇರಬೇಕು ಅಂತ ಸ್ಟೀರಿಂಗನ್ನೂ ಚಾಲಕರ ಸೀಟನ್ನೂ ಕಾರಿನ ನಟ್ಟನಡುವೆ ಕೂರಿಸಿದರು. ಏರುವ ಹಲಗೆ, ಇಳಿಯುವ ಹಲಗೆ ಎರಡಕ್ಕೂ ಬೇಕಾದಷ್ಟೇ ತಿರುಚು ಕೊಟ್ಟು, ಮುರಿದ ಸೇತುವೆಯ ಹಾಗೆ ಕಾಣುವಂತೆ ಕಟ್ಟಿದರು. ವೇಗ ಸ್ವಲ್ಪ ಹೆಚ್ಚುಕಡಿಮೆ ಆದರೂ ಕಾರು ತಲೆಕೆಳಗೆ ನೀರಿಗೆ. ‘ಬಂಪ್ಸ್’ ವಿಲರ್ಡ್ ಎಂಬ ಸ್ಟಂಟ್ ಚಾಲಕರು ಮೊದಲನೇ ಸಲಕ್ಕೇ ಮಾಡಿ ಮುಗಿಸಿದರು.

ಇಷ್ಟೆಲ್ಲ ಆದ ಮೇಲೆ ಚಿತ್ರದಲ್ಲಿ ಏನು ಕೇಳಿಸುತ್ತದೆ? ಕಾರು ತಿರುಗುವಾಗ ಪೀಪಿಯ ‘ಸುಂಯ್’ ಸದ್ದು! ಸರ್ಕಸ್ಸಿನ ಕೋಡಂಗಿ ಜಾರಿ ಬಿದ್ದಾಗ ಹಾಕುವಂಥದ್ದು. ಒಂದು ಸದ್ದು ಆ ಮನುಷ್ಯನ ಧೈರ್ಯವನ್ನು ನಮ್ಮಿಂದ ಕಿತ್ತುಕೊಂಡಿತು. ಸಂಗೀತ ಕೊಟ್ಟ ಜಾನ್ ಬ್ಯಾರಿ ಅವರೂ ಆಮೇಲೆ ಅದಕ್ಕೆ ಬೇಸರ ಪಟ್ಟುಕೊಂಡರು. ನಾನು ಈಗಲೂ ಆ ದೃಶ್ಯವನ್ನು ಸದ್ದು ಪೂರ್ತಿ ಆರಿಸಿ ನೋಡುತ್ತೇನೆ. ನೀವೂ ಒಮ್ಮೆ ಹಾಗೆ ನೋಡಿ. ಕಾರು ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೂ ಮೈ ಬಿಗಿಯುತ್ತದೆ.

ಮೂರೇ ವರ್ಷದ ಮೇಲೆ ಅದೇ ಸರಣಿಯಲ್ಲಿ ಆಸ್ಗಾರ್ಡ್ ಮೌನ ಬಂತು. ಪಾಠ ಕಲಿತರೋ ಏನೋ, ನನಗಂತೂ ಖುಷಿ.

ಅಣೆಕಟ್ಟಿನ_ಅಂಚು ಉತ್ತರ:

ನನ್ನದು ‘ಗೋಲ್ಡನ್‌ಐ’, 1995. ಹಳೆಯದು ಅನ್ನುತ್ತೀರೋ ಇಲ್ಲವೋ ಗೊತ್ತಿಲ್ಲ, ನನಗೆ ಅದೇ ಮೊದಲ ಬಾಂಡ್. ಸ್ವಿಟ್ಜರ್ಲೆಂಡಿನ ವೆರ್ಜಾಸ್ಕಾ ಅಣೆಕಟ್ಟು, 220 ಮೀಟರ್ ಎತ್ತರ. ಕಥೆಯಲ್ಲಿ ಅದು ಸೋವಿಯತ್ ನೆಲ. ಸ್ಟಂಟ್‌ಮನ್ ವೇಯ್ನ್ ಮೈಕಲ್ಸ್ ಬಂಜೀ ಹಗ್ಗ ಕಟ್ಟಿಕೊಂಡು ಹಾರಿದರು. ದೂರದಿಂದ ತೆಗೆದ ಶಾಟ್, ಬೂದು ಗೋಡೆ, ಅದರ ಮುಂದೆ ಒಂದು ಚುಕ್ಕೆ ಇಳಿಯುತ್ತಲೇ ಇರುತ್ತದೆ. ಗೋಡೆ ಎಷ್ಟು ಹತ್ತಿರ ಅನ್ನುವುದೇ ನನಗೆ ಭಯ ತರಿಸಿದ್ದು. ನೆಲದ ಕಡೆ ನಾನು ನೋಡಲೇ ಇಲ್ಲ. ಆರು ವರ್ಷ ಬಾಂಡ್ ಚಿತ್ರ ಬಂದಿರಲಿಲ್ಲ, ಹೊಸ ನಟ. ಮುಖ ಸರಿಯಾಗಿ ತೋರಿಸುವ ಮೊದಲೇ ಅವನನ್ನು ಅಲ್ಲಿಂದ ಹಾರಿಸಿದರು. ಎಂಥ ನಂಬಿಕೆ ಅವರಿಗೆ!

ಈಗ ಅಲ್ಲಿ ದುಡ್ಡು ಕೊಟ್ಟು ಯಾರು ಬೇಕಾದರೂ ಹಾರಬಹುದು. ನಾನು ಹಾರಲಾರೆ. ಆದರೆ ಒಮ್ಮೆ ಆ ಅಂಚಿನಲ್ಲಿ ನಿಂತು ಕೆಳಗೆ ನೋಡುವ ಆಸೆ ಇದೆ.

ಹಳದಿ_ಸ್ಕೀ ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಯಾಮೆರಾ ಒಂದೇ ಹಿಡಿದಿತ್ತು ಅನ್ನುವುದು ತಿಳಿದ ಮೇಲೆ ಆ ಶಾಟ್ ಮೇಲಿನ ಪ್ರೀತಿ ಇನ್ನೂ ಜಾಸ್ತಿಯಾಯಿತು.

ಹಗ್ಗದ_ಗಂಟು, ನಿಮ್ಮ ಬೆರಗಿನ ಮಾತು ಅಂಚು ದಾಟುವ ಕ್ಷಣಕ್ಕೆ ಸರಿ. ಆಮೇಲಿನದಕ್ಕೆ ಅಲ್ಲ. ಬಿದ್ದ ಮೇಲೆ ನಮಗೂ ಎಲ್ಲ ಗೊತ್ತಿರುತ್ತದೆ: ಅವನು ಬೀಳುತ್ತಿದ್ದಾನೆ, ಕೆಳಗೆ ನೆಲ ಇದೆ, ಏನೋ ಒಂದು ಬಿಚ್ಚಬೇಕು. ಅಲ್ಲಿಂದ ಮುಂದೆ ನಿಮ್ಮ ಮೊಳೆಗಳ ಲೆಕ್ಕವೇ ಇಲ್ಲೂ ನಡೆಯುತ್ತದೆ, ಮೊಳೆಯ ಬದಲು ಕ್ಷಣಗಳು ಕಳಚುತ್ತವೆ. ಮೆಟಿಯೋರಾ ದೃಶ್ಯ ಮಾತ್ರ ಅದ್ಭುತ, ಒಪ್ಪಿದೆ.

1979ರ ‘ಮೂನ್‌ರೇಕರ್’ ಯಾರೂ ಹೇಳಲಿಲ್ಲವಲ್ಲ? ಬಾಂಡ್‌ನನ್ನು ಪ್ಯಾರಾಚೂಟ್ ಇಲ್ಲದೆ ವಿಮಾನದಿಂದ ತಳ್ಳುತ್ತಾರೆ. ಅವನು ಗಾಳಿಯಲ್ಲೇ ಈಜಿದಂತೆ ಹೋಗಿ ಇನ್ನೊಬ್ಬನ ಬೆನ್ನಿನಿಂದ ಪ್ಯಾರಾಚೂಟ್ ಕಿತ್ತುಕೊಳ್ಳುತ್ತಾನೆ. ಜೇಕ್ ಲೊಂಬಾರ್ಡ್, ಬಿ.ಜೆ. ವರ್ತ್ ಮತ್ತಿತರರು ಸೇರಿ 88 ಸಲ ಹಾರಿ ಅದನ್ನು ತುಣುಕು ತುಣುಕಾಗಿ ತೆಗೆದರು. ಪ್ರತಿ ಸಲವೂ ಕೆಲವೇ ಸೆಕೆಂಡು ಸಿಗುವುದು. ಆ ಶ್ರಮಕ್ಕೆ ಕೈ ಮುಗಿಯುತ್ತೇನೆ. ಆದರೂ ನನ್ನ ಉಸಿರು ನಿಲ್ಲಲಿಲ್ಲ. ಕೊನೆಯಲ್ಲಿ ಖಳ ಸರ್ಕಸ್ ಡೇರೆಯ ಮೇಲೆ ಬೀಳುವ ತಮಾಷೆ ಬೇರೆ. ತಿರುಗುವ_ಕಾರು ಹೇಳಿದ ಪೀಪಿಯ ಅಣ್ಣತಮ್ಮ ಅದು.

ಜೋಳದ_ಹೊಲ ಉತ್ತರ:

ಬಾಂಡ್ ಬಿಟ್ಟು ಸ್ವಲ್ಪ ಹಿಂದಕ್ಕೆ ಬನ್ನಿ. ಹಿಚ್‌ಕಾಕ್ ಅವರ ‘ನಾರ್ತ್ ಬೈ ನಾರ್ತ್‌ವೆಸ್ಟ್’, 1959. ಗೂಢಚಾರ ಅಂತ ತಪ್ಪು ತಿಳಿದು ಬೆನ್ನು ಹತ್ತಿದ ಒಬ್ಬ ಸಾಮಾನ್ಯ ಮನುಷ್ಯ, ಕ್ಯಾರಿ ಗ್ರಾಂಟ್. ಬಟಾಬಯಲಿನ ರಸ್ತೆಯಲ್ಲಿ ಬಸ್ಸಿಳಿದು ನಿಲ್ಲುತ್ತಾನೆ. ಬಿಸಿಲು. ಒಂದು ಕಾರು ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಎದುರು ಬದಿಯಲ್ಲಿ ಬಸ್ಸಿಗೆ ಕಾದಿದ್ದವನು, ಬೆಳೆಯೇ ಇಲ್ಲದ ಕಡೆ ಆ ವಿಮಾನ ಔಷಧಿ ಸಿಂಪಡಿಸುತ್ತಿದೆ ಅಂತ ಹೇಳಿ ಬಸ್ಸು ಹತ್ತಿ ಹೊರಟುಬಿಡುತ್ತಾನೆ. ಆಮೇಲೆ ವಿಮಾನ ಇವನ ಕಡೆ ತಿರುಗುತ್ತದೆ.

ಆ ಹೊತ್ತೆಲ್ಲ ಸಂಗೀತವೇ ಇಲ್ಲ. ಇಂಜಿನ್ ಸದ್ದು, ಗುಂಡಿನ ಸದ್ದು, ಓಡುವ ಸದ್ದು. ಬರ್ನಾರ್ಡ್ ಹರ್ಮನ್ ಅಂಥ ಸಂಗೀತ ನಿರ್ದೇಶಕರು ಕೈಯಲ್ಲಿದ್ದೂ ಹಿಚ್‌ಕಾಕ್ ಕಾದರು. ವಿಮಾನ ಹೋಗಿ ಟ್ಯಾಂಕರ್ ಲಾರಿಗೆ ಗುದ್ದಿ ಬೆಂಕಿ ಎದ್ದ ಮೇಲೆಯೇ ವಾದ್ಯಗಳು ಶುರುವಾಗುವುದು. ಸಂಗೀತ ಬಂದರೆ ಅಪಾಯ ಮುಗಿಯಿತು ಅಂತ ಅರ್ಥ. ನಿಮ್ಮ ಪ್ಯಾರಾಚೂಟ್ ಬಿಚ್ಚಿದಾಗ ಆಗುವುದೂ ಇದೇ ಅಲ್ವಾ?

ಎಡಿಟಿಂಗ್_ಮೇಜು ಉತ್ತರ:

ಹೌದು, ಅದೇ ಲೆಕ್ಕ. ಹಾಗಿದ್ದರೆ ನಾನು ಮೇಲೆ ಹೇಳಿದ 1969ರ ಬಾಂಡ್ ಚಿತ್ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ಅನ್ನೂ ಪಕ್ಕದಲ್ಲಿಡಿ. ಸ್ವಿಟ್ಜರ್ಲೆಂಡಿನ ಶಿಲ್ಟ್‌ಹಾರ್ನ್ ಬೆಟ್ಟ, ಕೇಬಲ್ ಕಾರಿನ ಯಂತ್ರದ ಕೋಣೆಯಲ್ಲಿ ಬಾಂಡ್‌ನನ್ನು ಕೂಡಿಹಾಕಿರುತ್ತಾರೆ. ದೊಡ್ಡ ಹಲ್ಲಿನ ಚಕ್ರಗಳು ಯಾವಾಗ ಬೇಕಾದರೂ ತಿರುಗಬಹುದು. ಪ್ಯಾಂಟಿನ ಜೇಬು ಹರಿದು ಕೈಗವಸು ಮಾಡಿಕೊಂಡು, ಮಂಜುಗಟ್ಟಿದ ಕೇಬಲ್ ಹಿಡಿದು ಹೊರಗೆ ಜೋತುಬೀಳುತ್ತಾನೆ. ಯಂತ್ರ ಹೊರಟಿತೋ, ಕೇಬಲ್ ಅವನ ಕೈಗಳನ್ನು ಚಕ್ರದ ಕಡೆಗೇ ಎಳೆಯುತ್ತದೆ. ನೋಡಿ, ಕತ್ತರಿ ಹಿಡಿದವರು ಅದೇ ಗ್ಲೆನ್.

ಹಳದಿ_ಸ್ಕೀ ಉತ್ತರ:

ಆ ಜೇಬಿನ ಕೈಗವಸು! ಎಷ್ಟು ವರ್ಷ ಆಯಿತು ಅದನ್ನು ನೋಡಿ. ಕೇಬಲ್ ಕಾರಿನ ದೃಶ್ಯಗಳಿಗೇ ಒಂದು ಬೇರೆ ಚರ್ಚೆ ಶುರು ಮಾಡುತ್ತೇನೆ. 1968ರ ‘ವ್ಹೇರ್ ಈಗಲ್ಸ್ ಡೇರ್’ ಕೂಡ ಅಲ್ಲಿಗೆ ಬರಬೇಕು, ಒಂದು ಡಬ್ಬಿಯ ಮೇಲಿನಿಂದ ಎದುರು ಬರುವ ಇನ್ನೊಂದಕ್ಕೆ ಸ್ಟಂಟ್‌ಮನ್ ಆಲ್ಫ್ ಜಾಯಿಂಟ್ ಜಿಗಿದದ್ದು. ಹಗ್ಗದ_ಗಂಟು, ಮೊದಲ ಉತ್ತರ ನೀವೇ ಬರೆಯಬೇಕು.