ರಾಸಾಯನಿಕ ಸಮೀಕರಣ ಸರಿದೂಗಿಸುವುದನ್ನು ಮಗಳಿಗೆ ಹೇಗೆ ಹೇಳಿಕೊಡಲಿ?

ಮಂಡ್ಯದಿಂದ, ಒಬ್ಬ ತಾಯಿ:
ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾಳೆ. ಸಮೀಕರಣದ ಒಂದು ಬದಿಯನ್ನು ಸರಿಪಡಿಸಿದರೆ ಇನ್ನೊಂದು ಬದಿ ತಪ್ಪುತ್ತದೆ ಎಂದು ಪುಸ್ತಕ ಮುಚ್ಚಿಡುತ್ತಾಳೆ. ಎಲ್ಲಿಂದ ಆರಂಭಿಸಬೇಕೆಂದು ಕಲಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ, ನಿವೃತ್ತ ವಿಜ್ಞಾನ ಶಿಕ್ಷಕ:
ಮೊದಲು ಆಕೆಯ ನೋಟ್‌ಬುಕ್ ತೆರೆದು ತಪ್ಪು ಎಲ್ಲಿ ಆಗುತ್ತಿದೆ ಎಂದು ನೋಡಿ, ತಾಯಿ. ನನ್ನ ತರಗತಿಗಳಲ್ಲಿ ಮಕ್ಕಳು ಎಡವುತ್ತಿದ್ದುದು ಎಣಿಕೆಯಲ್ಲಿ ಅಲ್ಲ, ಅಣುಸೂತ್ರದ ಒಳಗಿನ ಚಿಕ್ಕ ಅಂಕಿಯನ್ನು ತಿದ್ದಿಬಿಡುವುದರಲ್ಲಿ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವಾಗ ಬಲಬದಿಯಲ್ಲಿ ಒಂದು ಆಕ್ಸಿಜನ್ ಕಡಿಮೆ ಬೀಳುತ್ತದೆ. ಅದನ್ನು ತುಂಬಲು ನೀರಿನ ಸೂತ್ರದಲ್ಲೇ ಆಕ್ಸಿಜನ್ನಿನ ಕೆಳಗೆ 2 ಎಂದು ಬರೆದರೆ ಲೆಕ್ಕವೇನೋ ಕೂಡುತ್ತದೆ, ಆದರೆ ಅದು ನೀರಾಗಿ ಉಳಿಯದೆ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಆಗಿಬಿಡುತ್ತದೆ. ಸೂತ್ರದ ಆರಂಭದಲ್ಲಿ ಹಾಕುವ ದೊಡ್ಡ ಅಂಕಿಯನ್ನಷ್ಟೇ ಬದಲಿಸಬಹುದು ಎಂಬುದು ಆಕೆಯ ಮನಸ್ಸಿಗೆ ಇಳಿಯುವವರೆಗೆ ಬೇರೇನನ್ನೂ ಹೇಳಿಕೊಡಬೇಡಿ.

ಆಮೇಲೆ ಅಡುಗೆ ಅನಿಲದಲ್ಲಿರುವ ಬ್ಯೂಟೇನ್ ಉರಿಯುವ ಸಮೀಕರಣವನ್ನು ಕೊಡಿ. ಅದರ ಒಂದು ಅಣುವಿನಲ್ಲಿ 4 ಕಾರ್ಬನ್, 10 ಹೈಡ್ರೋಜನ್ ಇರುವುದರಿಂದ 4 ಕಾರ್ಬನ್ ಡೈಆಕ್ಸೈಡ್, 5 ನೀರು ಬರುತ್ತವೆ. ಎಡಬದಿಯಲ್ಲಿ ಒಂಟಿಯಾಗಿ ನಿಂತಿರುವ ಆಕ್ಸಿಜನ್ನನ್ನು ಕೊನೆಗೆ ಎಣಿಸಬೇಕು. ಬಲಬದಿಯಲ್ಲಿ 13 ಪರಮಾಣುಗಳಿವೆ, ಆಕ್ಸಿಜನ್ ಅಣುವಿನಲ್ಲಿ ಇರುವುದು ಎರಡೆರಡೇ. ಆದ್ದರಿಂದ ಆರೂವರೆ ಅಣು ಬೇಕಾಗುತ್ತದೆ. ಈ ಆರೂವರೆಯನ್ನು ಕಂಡೊಡನೆ ನನ್ನ ವಿದ್ಯಾರ್ಥಿಗಳು ಗಾಬರಿಯಾಗಿ ಎಲ್ಲವನ್ನೂ ಅಳಿಸುತ್ತಿದ್ದರು. ಅಳಿಸಬೇಕಾದದ್ದೇನೂ ಇಲ್ಲ. ಎಲ್ಲವನ್ನೂ ಎರಡರಿಂದ ಗುಣಿಸಿದರೆ 2 ಬ್ಯೂಟೇನ್, 13 ಆಕ್ಸಿಜನ್, 8 ಕಾರ್ಬನ್ ಡೈಆಕ್ಸೈಡ್, 10 ನೀರು.

ಶ್ರೀರಂಗಪಟ್ಟಣದಿಂದ, ಪದವಿ ವಿದ್ಯಾರ್ಥಿ:
ಮೇಷ್ಟ್ರು ಹೇಳಿದ ಕ್ರಮವನ್ನು ಒಪ್ಪುತ್ತೇನೆ. ಆದರೆ ಅಂದಾಜಿನಲ್ಲಿ ಅಂಕಿ ಹಾಕುವುದು ನನಗೆ ಎಂದೂ ಒಗ್ಗಲಿಲ್ಲ, ಬೀಜಗಣಿತವೇ ಒಗ್ಗಿತು. ಕಬ್ಬಿಣ ಮತ್ತು ಹಬೆ ಸೇರಿದಾಗ ಬರುವ ಆಕ್ಸೈಡಿನಲ್ಲಿ 3 ಕಬ್ಬಿಣ, 4 ಆಕ್ಸಿಜನ್ ಇರುತ್ತವೆ. ಆಕ್ಸೈಡನ್ನು ಒಂದು ಎಂದು ಹಿಡಿದರೆ ಕಬ್ಬಿಣ 3, ಹಬೆ 4, ಹೊರಬರುವ ಹೈಡ್ರೋಜನ್ ಅಣುಗಳೂ 4 ಎಂದು ತಾನಾಗಿಯೇ ತಿಳಿಯುತ್ತದೆ. ಗಣಿತದಲ್ಲಿ ಚುರುಕಾಗಿರುವ ಮಕ್ಕಳಿಗೆ ಇದು ಹಿಡಿಸುತ್ತದೆ, ಉಳಿದವರಿಗೆ ಹೊರೆಯಾಗಬಹುದು.

ಮಂಡ್ಯದ ತಾಯಿ:
ಇಬ್ಬರಿಗೂ ಧನ್ಯವಾದಗಳು. ನೋಟ್‌ಬುಕ್ ತೆರೆದು ನೋಡಿದರೆ ಮೊದಲ ಪುಟದಲ್ಲೇ ಮೆಗ್ನೀಸಿಯಮ್ ಆಕ್ಸೈಡಿನ ಕೊನೆಗೆ ಚಿಕ್ಕ 2 ಬರೆದಿದ್ದಳು. ಅದನ್ನು ಹೊಡೆದುಹಾಕಿಸಿ, ಸೂತ್ರದ ಆರಂಭದಲ್ಲಿ ದೊಡ್ಡ 2 ಹಾಕಿಸಿದೆ. ಹಾಗಾದರೆ ಎಡಬದಿಯ ಮೆಗ್ನೀಸಿಯಮ್ಮಿಗೂ 2 ಬೇಕಲ್ಲವೇ ಎಂದು ಅವಳೇ ಕೇಳಿದಳು.