ಡಿಸ್ಕ್ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ: ಸ್ಕ್ರೂ ತಲೆ ಸವೆದಿದೆ, ಬಿಚ್ಚೋದು ಹೇಗೆ?

ಎರಡು_ಚಕ್ರ:
150 ಸಿಸಿ ಬೈಕು. ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲ್ ಡಬ್ಬಿ ಇರುವ ಭಾಗ) ಮುಚ್ಚಳಕ್ಕೆ ಎರಡು ಸ್ಟಾರ್ ಸ್ಕ್ರೂ. ಒಂದು ಬಂತು, ಇನ್ನೊಂದರ ತಲೆ ಉಜ್ಜಿ ಬರೀ ಗುಂಡಿಯಾಗಿದೆ. ಮುಚ್ಚಳದ ಮಟ್ಟಕ್ಕೇ ಕೂತಿರುವುದರಿಂದ ಇಕ್ಕಳಕ್ಕೂ ಸಿಗುತ್ತಿಲ್ಲ. ಡಬ್ಲ್ಯುಡಿ-40 ಹೊಡೆದು ಒಂದು ರಾತ್ರಿ ಬಿಡಲೇ? ಸವೆದ ಸ್ಕ್ರೂ ಒಳಗೆ ತೂತು ಹೊಡೆದು ಕಚ್ಚಿಸಿ ತಿರುಗಿಸುವ ಎಕ್ಸ್‌ಟ್ರ್ಯಾಕ್ಟರ್ ಸೆಟ್ ತರಲೇ?

ಲೇತ್‌ಮನೆ:
ಎರಡೂ ಬೇಡ. ನಾವು ಬ್ರೇಕ್ ಆಯಿಲ್ ಅಂತೀವಿ, ಆದರೆ ಬೈಕಿಗೆ ಹಾಕುವ ಡಾಟ್ 3, ಡಾಟ್ 4 ದರ್ಜೆಯ ದ್ರವ ಎಣ್ಣೆಯಲ್ಲ, ಗ್ಲೈಕಾಲ್. ಒಳಗಿನ ರಬ್ಬರ್ ಅದಕ್ಕೆಂದೇ ಮಾಡಿದ್ದು. ಡಬ್ಲ್ಯುಡಿ-40ರಂಥ ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬುತ್ತದೆ, ಆಮೇಲೆ ಬ್ರೇಕೇ ಕಚ್ಚಿಕೊಳ್ಳಬಹುದು.

ಎಕ್ಸ್‌ಟ್ರ್ಯಾಕ್ಟರ್ ಇಷ್ಟು ಸಣ್ಣ ಸ್ಕ್ರೂಗೆ ಅಪಾಯ. ಇದು ಎಂ4, ಅಂದರೆ 4 ಮಿ.ಮೀ. ದಪ್ಪದ್ದು. ಒಳಗೆ 2.5 ಮಿ.ಮೀ. ತೂತು ಹೊಡೆದರೆ ಸುತ್ತ ಉಳಿಯುವ ಗೋಡೆ ಕಾಗದದ ಹಾಗಿರುತ್ತದೆ. ಎಕ್ಸ್‌ಟ್ರ್ಯಾಕ್ಟರ್ ಅದನ್ನು ಹಿಗ್ಗಿಸಿ ಇನ್ನೂ ಬಿಗಿ ಮಾಡುತ್ತದೆ, ಇಲ್ಲವೇ ತಾನೇ ಮುರಿಯುತ್ತದೆ. ಮುರಿದ ತುಂಡು ಎಷ್ಟು ಗಟ್ಟಿಯೆಂದರೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಕಚ್ಚುವುದೇ ಇಲ್ಲ.

ಸ್ಕ್ರೂ ಉಕ್ಕು, ಬಾಡಿ ಅಲ್ಯೂಮಿನಿಯಂ. ತಲೆಯ ಸುತ್ತ ನೀರು ನಿಂತು ಬಿಳಿ ಪುಡಿ ಕಟ್ಟಿ ಥ್ರೆಡ್ ಹಿಡಿದಿರುತ್ತದೆ. ಆ ಪುಡಿ ಒಡೆಯಬೇಕಾದರೆ ತಿರುಗಿಸುವುದಕ್ಕಿಂತ ಪೆಟ್ಟು ಮುಖ್ಯ. ಮೊದಲು ಬಂದ ಸ್ಕ್ರೂವನ್ನು ಮತ್ತೆ ಹಾಕಿ, ಮುಚ್ಚಳ ಅಲುಗದಿರಲಿ. 2ನೇ ನಂಬರ್ ಸ್ಟಾರ್ ಬಿಟ್ ಅನ್ನು ಗುಂಡಿಯಲ್ಲಿ ನೇರ ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ಐದಾರು ಏಟು. ಹ್ಯಾಂಡಲ್ ಕೆಳಗೆ ಇನ್ನೊಬ್ಬರು ಮರದ ತುಂಡು ಒತ್ತಿ ಹಿಡಿದಿರಲಿ. ಆಮೇಲೆ ಬಿಟ್ ತುದಿಗೆ ವಾಲ್ವ್ ಲ್ಯಾಪಿಂಗ್ ಪೇಸ್ಟ್ (ಎಂಜಿನ್ ವಾಲ್ವ್ ಉಜ್ಜಲು ಬಳಸುವ ಮರಳು ಮರಳಾದ ಪೇಸ್ಟ್) ಸವರಿ, ಮೈಭಾರ ಹಾಕಿ ಒತ್ತಿ ತಿರುಗಿಸಿ. ಪೇಸ್ಟ್‌ನ ಮರಳು ಹಿಡಿತ ಕೊಡುತ್ತದೆ.

ಬ್ಲೀಡ್_ನಿಪ್ಪಲ್:
ಇದಕ್ಕೆ ಸೇರಿಸುವುದು: ತಲೆ ಮೇಲೆ ಸಣ್ಣ ಚುಕ್ಕೆ ಇದ್ದರೆ ಅದು ಜಪಾನಿನ ಜೆಐಎಸ್ ನಮೂನೆ. ಸಾಮಾನ್ಯ ಸ್ಟಾರ್ ಬಿಟ್, ಅಂದರೆ ಫಿಲಿಪ್ಸ್ ಬಿಟ್, ಅದರಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ಮೇಲೇಳುತ್ತದೆ. ತಲೆ ಸವೆಯುವುದು ಬಹುತೇಕ ಇದರಿಂದಲೇ. ಜೆಐಎಸ್ ಬಿಟ್ ಸಿಗದಿದ್ದರೆ ಫಿಲಿಪ್ಸ್ ತುದಿಯನ್ನು ಕಲ್ಲಿಗೆ ಅರ್ಧ ಮಿ.ಮೀ. ಉಜ್ಜಿ ಮೊಂಡ ಮಾಡಿ.

ಎರಡು_ಚಕ್ರ:
ಪೇಸ್ಟ್ ಹಾಕಿಯೂ ಜಗ್ಗಲಿಲ್ಲ. ಡ್ರಿಲ್ ಹೊಡೆದರೆ ಚೂರು ಒಳಗೆ ಬೀಳುವುದಿಲ್ಲವೇ?

ಲೇತ್‌ಮನೆ:
ಮುಚ್ಚಳ ಕೂತಿರುವಾಗ ಬೀಳುವುದಿಲ್ಲ. ಸ್ಕ್ರೂ ತೂತು ರಬ್ಬರ್ ಡಯಾಫ್ರಮ್‌ನ (ಮುಚ್ಚಳದಡಿ ಆಯಿಲ್ ಮುಚ್ಚುವ ಪೊರೆ) ಆಚೆಗಿದೆ. ಡ್ರಿಲ್ ಹೊಡೆಯಬೇಕಾದ್ದು ತಲೆಯನ್ನು ಮಾತ್ರ.

ಗುಂಡಿಯ ನಡುವೆ ಸೆಂಟರ್ ಪಂಚ್ ಹೊಡೆಯಿರಿ. ಮೊದಲು 2.5 ಮಿ.ಮೀ. ಬಿಟ್, ಆಮೇಲೆ 4 ಮಿ.ಮೀ., ಎರಡೂ ನಿಧಾನ ವೇಗದಲ್ಲಿ. ತಲೆಯ ದಪ್ಪವೇ ಸುಮಾರು 2.3 ಮಿ.ಮೀ., ಹಾಗಾಗಿ ಬಿಟ್‌ಗೆ 3 ಮಿ.ಮೀ. ಬಿಟ್ಟು ಟೇಪ್ ಸುತ್ತಿ, ಅದನ್ನು ದಾಟಬೇಡಿ. ತಲೆ ಉಂಗುರವಾಗಿ ಕಳಚಿ ಬಿಟ್ ಜೊತೆ ಸುತ್ತತೊಡಗಿದರೆ ಅಲ್ಲಿಗೆ ನಿಲ್ಲಿಸಿ.

ಚೂರನ್ನು ಬ್ರಶ್ಶಿನಿಂದ ಒರೆಸಿ, ಒಳ್ಳೆಯ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿ. ಡಯಾಫ್ರಮ್ ಮಾತ್ರ ಎತ್ತಬೇಡಿ. ಸ್ಕ್ರೂವಿನ ದಂಟು ಮುಚ್ಚಳದ ದಪ್ಪದಷ್ಟು ಮೇಲೆ ಉಳಿದಿರುತ್ತದೆ. ವೈಸ್ ಗ್ರಿಪ್‌ನಲ್ಲಿ (ಕಚ್ಚಿ ಲಾಕ್ ಆಗುವ ಇಕ್ಕಳ) ಬಿಗಿಯಾಗಿ ಕಚ್ಚಿ ಮುಂದಕ್ಕೂ ಹಿಂದಕ್ಕೂ ಸ್ವಲ್ಪ ಸ್ವಲ್ಪ ಆಡಿಸಿ. ತಲೆಯ ಎಳೆತ ಹೋಗಿರುವುದರಿಂದ ಸಾಮಾನ್ಯವಾಗಿ ಸಲೀಸಾಗಿ ಬರುತ್ತದೆ.

ಬ್ಲೀಡ್_ನಿಪ್ಪಲ್:
ಮುಚ್ಚಳ ತೆಗೆದಾಗ ಲಿವರ್ ಒತ್ತಬೇಡಿ, ಆಯಿಲ್ ಚಿಮ್ಮುತ್ತದೆ. ಟ್ಯಾಂಕಿನ ಬಣ್ಣ ಕಿತ್ತುಬಿಡುತ್ತದೆ, ಒದ್ದೆ ಬಟ್ಟೆ ಮೊದಲೇ ಹಾಸಿ. ಬಿದ್ದರೆ ನೀರು ಸುರಿದು ತೊಳೆಯಿರಿ, ಒರೆಸಿದರೆ ಸಾಲದು.

ವಾಪಸ್ ಹಾಕಲು ಎಂ4 ಸ್ಟೀಲ್ ಅಲೆನ್ ಸ್ಕ್ರೂ, ಮುಳುಗುವ ತಲೆಯದ್ದು, 2.5 ಮಿ.ಮೀ. ಕೀ ಕೂರುವಂಥದ್ದು. ಉದ್ದವನ್ನು ಹಳೆಯ ಒಳ್ಳೆಯ ಸ್ಕ್ರೂಗೆ ಹೋಲಿಸಿ ತನ್ನಿ. ಉದ್ದ ಹೆಚ್ಚಾದರೆ ತೂತಿನ ತಳಕ್ಕೆ ತಾಗಿ ಮುಚ್ಚಳ ಬಿಗಿಯಾಗುವುದಿಲ್ಲ. ಥ್ರೆಡ್‌ಗೆ ಚಿಟಿಕೆ ಸಿಲಿಕೋನ್ ಗ್ರೀಸ್. ಬಿಗಿ 1.5 ನ್ಯೂಟನ್ ಮೀಟರ್ ಸಾಕು, ಅಂದರೆ ಅಲೆನ್ ಕೀಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುವಷ್ಟು.

ಎರಡು_ಚಕ್ರ:
ದಂಟು ಬಂತು. ಆದರೆ ಜೊತೆಗೆ ಥ್ರೆಡ್‌ನ ಮೇಲಿನ ಎರಡು ಸುತ್ತೂ ಬಂದಿವೆ.

ಲೇತ್‌ಮನೆ:
ಕೆಳಗೆ ಐದಾರು ಸುತ್ತು ಉಳಿದಿದ್ದರೆ ನಡೆಯುತ್ತದೆ. ತೂತಿನ ಬಾಯಿಗೆ ಚಿಂದಿ ಸುತ್ತಿ, ಎಂ4×0.7 ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಅನ್ನು ಕೈಯಲ್ಲೇ ಒಮ್ಮೆ ಓಡಿಸಿ.