ಕುದುರೆಮುಖದಲ್ಲಿ ಗಣಿ ಕಾಲದ್ದು ನೋಡಲಿಕ್ಕೆ ಏನುಂಟು?

ಸುರತ್ಕಲ್‌ನವ:
ಭಾನುವಾರ ಅಪ್ಪನನ್ನು ಕರೆದುಕೊಂಡು ಕಾರಲ್ಲಿ ಕುದುರೆಮುಖಕ್ಕೆ ಹೋಗುವ ಅಂತ ಉಂಟು. ಟ್ರೆಕ್ಕಿಂಗ್‌ಗೆ ಅಲ್ಲ, ಅವರಿಗೆ ಗಣಿ ಇದ್ದ ಊರು ನೋಡಬೇಕಂತೆ. ಟೌನ್‌ಶಿಪ್, ಲಕ್ಯಾ ಡ್ಯಾಂ, ಹಳೆ ಪ್ಲಾಂಟ್, ಯಾವುದಕ್ಕೆ ಬಿಡುತ್ತಾರೆ? ಗೂಗಲ್ ಮಾಡಿದರೆ ಬರೀ ಶಿಖರದ ಫೋಟೋ.

ಕಾರ್ಕಳದವ:
ಬಜಗೋಳಿ, ಮಾಳ ದಾಟಿ ಹೋಗಿ. ಕಾಡಿನ ಗೇಟಲ್ಲಿ ಟೈಮ್ ಬರೆದ ಚೀಟಿ ಕೊಡುತ್ತಾರೆ, ನಡುವೆ ಸುಮ್ನೆ ಕಾರು ನಿಲ್ಲಿಸಿ ಕೂರಬೇಡಿ. ಡ್ಯಾಂ, ಪ್ಲಾಂಟಿಗೆ ಅನುಮತಿ ಇಲ್ಲದೆ ಹೋಗುವ ಯೋಚನೆ ಬೇಡ. ಟೌನ್‌ಶಿಪ್ ನೋಡಬಹುದು.

ಪಣಂಬೂರು ಅಣ್ಣ:
ಗಣಿ ಕಥೆ ಅರ್ಧ ಇಲ್ಲೇ ಮಂಗಳೂರಲ್ಲಿ ಉಂಟು ಮಾರಾಯ್ರೇ. ಅಲ್ಲಿಯದ್ದು ಕಡಿಮೆ ದರ್ಜೆಯ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಅದಿರು, ಅಗೆದ ಹಾಗೇ ಮಾರಲಿಕ್ಕಾಗುವುದಿಲ್ಲ. ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ಕಬ್ಬಿಣದ ಅಂಶ ಬೇರೆ ಮಾಡಿ, ಆ ಕಪ್ಪು ಪುಡಿಯನ್ನು ನೀರಲ್ಲಿ ಕಲಸಿ ಪೈಪಿಗೆ ಬಿಡುತ್ತಿದ್ದರು, ಸುಮಾರು 67 ಕಿಲೋಮೀಟರ್, ಘಟ್ಟ ಇಳಿದು ಪಣಂಬೂರಿನವರೆಗೆ. ಇಲ್ಲಿ ನೀರು ತೆಗೆದು ಹಡಗಿಗೆ ತುಂಬುವುದು. ಉಳಿದ ಕೆಸರೆಲ್ಲ ಮೇಲೆಯೇ, ಲಕ್ಯಾ ಡ್ಯಾಂನಲ್ಲಿ. ಗಣಿಯ ಕಂಪೆನಿ 1976ರಲ್ಲಿ ಶುರುವಾದದ್ದು ಇರಾನಿನ ದೊರೆ ಷಾನ ದುಡ್ಡು ನಂಬಿ. 1979ರಲ್ಲಿ ಅಲ್ಲಿ ಕ್ರಾಂತಿ ಆಯಿತು ನೋಡಿ, ದುಡ್ಡು ಕೊಡುವವನೂ ಇಲ್ಲ, ಅದಿರು ಕೊಳ್ಳುವವನೂ ಇಲ್ಲ! 1987ರಲ್ಲಿ ಪಣಂಬೂರಲ್ಲಿ ಪೆಲೆಟ್ ಪ್ಲಾಂಟ್ ಬಂತು, ಪುಡಿಯನ್ನು ಉಂಡೆ ಕಟ್ಟಿ ಮಾರಲಿಕ್ಕೆ.

ಹೊಳೆಬದಿ:
ಅಣ್ಣ ಹೇಳಿದ ಕಥೆಯಲ್ಲಿ ಹೊಳೆಯೇ ಇಲ್ಲ. ಗಣಿ ಇದ್ದದ್ದು ಭದ್ರೆಯ ಮೇಲ್ಭಾಗದಲ್ಲಿ, ಆ ಮಳೆಗೆ ಅಗೆದ ಗುಡ್ಡದ ಮಣ್ಣು ಹೊಳೆಗೆ ಇಳಿಯದೆ ಇರುತ್ತದಾ? ಅದಕ್ಕೇ ಅಷ್ಟು ಹೋರಾಟ. 2002ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಬೇಕು ಅಂತ ಹೇಳಿತು, 2005ರ ಕೊನೆಗೆ ಗಣಿ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು ಅನ್ನುವವಳು ನಾನು.

ಪಣಂಬೂರು ಅಣ್ಣ:
ಅಕ್ಕ, ಕಾಡಿಗೆ ಒಳ್ಳೆಯದು, ಒಪ್ಪಿದೆ. ಆದರೆ ಶಾಲೆ, ಆಸ್ಪತ್ರೆ ಅಂತ ಒಂದು ಊರೇ ಕಟ್ಟಿ ಕೂತಿದ್ದ ಸಂಸಾರಗಳು ಗಂಟುಮೂಟೆ ಕಟ್ಟಿ ಇಳಿದವಲ್ಲ, ಅದೂ ಈ ಕಥೆಯದ್ದೇ ಅಲ್ವಾ?

ಸುರತ್ಕಲ್‌ನವ:
ಜಗಳ ಬೇಡ, ಎರಡೂ ಅಪ್ಪನಿಗೆ ಹೇಳುತ್ತೇನೆ. ಊಟ ಎಲ್ಲಿ ಸಿಗುತ್ತದೆ?

ಕಾರ್ಕಳದವ:
ಕಳಸಕ್ಕೆ ಹೋಗಿಬಿಡಿ, ಇನ್ನೊಂದು 20 ಕಿಲೋಮೀಟರ್ ಅಷ್ಟೆ. ಪೆಟ್ರೋಲ್ ಮಾತ್ರ ಕಾರ್ಕಳದಲ್ಲೇ ಹಾಕಿಸಿ.